ಹಾಡಿದ್ದು ಯಾರು, ಬಹುಮಾನ ಯಾರಿಗೆ?

ಕಳೆದ ಚಳಿಗಾಲದ ಒಂದು ಭಾನುವಾರ ಪಶ್ಚಿಮ ಉಪನಗರದ ಸಭಾಗೃಹವೊಂದರಲ್ಲಿ ಕನ್ನಡ ಮಕ್ಕಳ ಭಾವಗೀತೆ ಸ್ಪರ್ಧೆ ಜರುಗಿತು. ಸಂಘಟಕರ ಹೆಸರು ಇಲ್ಲಿ ಬೇಡ. ಅವರು ನಮ್ಮವರೇ, ಮತ್ತು ನಾವು ಹೇಳಹೊರಟಿರುವ ದೋಷ ಅವರೊಬ್ಬರದಲ್ಲ. ಗೋರೆಗಾಂವ್‌ನಿಂದ ನಾವು ಸಂಸಾರ ಸಮೇತ ಹೋಗಿದ್ದೆವು. ಹನ್ನೊಂದನೆಯ ಸ್ಪರ್ಧಿಯಾಗಿ ಹನ್ನೆರಡು ವರ್ಷದ ಒಬ್ಬ ಬಾಲಿಕೆ ವೇದಿಕೆಗೆ ಬಂದಳು. ಹಿಂದಿನ ಎಲ್‌ಇಡಿ ಪರದೆಯ ಮೇಲೆ ಧುಮ್ಮಿಕ್ಕುವ ಜಲಪಾತ, ನೆಲದ ಮೇಲೆ ತೆವಳುವ ಹೊಗೆ, ಎರಡೂ ಪಕ್ಕದಲ್ಲಿ ಕೊಡ ಹೊತ್ತ ನಾಲ್ವರು ಹುಡುಗಿಯರು. ಹಾಡು ಸೊಗಸಾಗಿ ಸಾಗಿತ್ತು. ಎರಡನೆಯ ಚರಣದ ನಡುವೆ ಅವಳ ಮುಡಿಯಲ್ಲಿದ್ದ ಹೂವಿನ ದಂಡೆ ಜಾರಿತು. ಮಗು ಮಗುವೇ ತಾನೆ! ಮೈಕನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಎರಡೂ ಕೈಗಳಿಂದ ದಂಡೆಯನ್ನು ಸರಿಪಡಿಸಿಕೊಂಡಳು. ತುಟಿ ಮುಚ್ಚಿತ್ತು. ಹಾಡು ಮಾತ್ರ ನಿಲ್ಲಲಿಲ್ಲ. ಜಲಪಾತದಂತೆ ಅದೂ ಧುಮ್ಮಿಕ್ಕುತ್ತಲೇ ಇತ್ತು.

ಸಭೆಯಲ್ಲಿ ಅಲ್ಲಲ್ಲಿ ನಗೆ ಕೇಳಿಸಿತು, ಅದರ ಹಿಂದೆಯೇ ಚಪ್ಪಾಳೆ. ಪ್ರಥಮ ಬಹುಮಾನ ಆ ಹಾಡಿಗೇ ಬಂತು. ಅದಕ್ಕೆ ಸ್ವಲ್ಪ ಮೊದಲು ಮೊಬೈಲಿನ ಶ್ರುತಿಯನ್ನೇ ನೆಚ್ಚಿ ಹಾಡಿದ ಹುಡುಗನೊಬ್ಬ ಒಂದು ಸಾಲು ಮರೆತು ನಿಂತು, ಮುಂದಿನ ಸಾಲಿನಲ್ಲಿ ಕುಳಿತಿದ್ದ ತಾಯಿಯ ಮುಖ ನೋಡಿ, ಮತ್ತೆ ಹಿಡಿದುಕೊಂಡು ಕೊನೆಯವರೆಗೆ ಹಾಡಿದ್ದ. ಅವನಿಗೆ ಸಮಾಧಾನಕರ ಬಹುಮಾನವೂ ಇಲ್ಲ.

ಚಹಾ ಹಂಚುವಲ್ಲಿ ನಾವು ಈ ಬಗ್ಗೆ ಎರಡು ಮಾತಾಡಿದಾಗ ಪಕ್ಕದಲ್ಲಿದ್ದ ಹಿರಿಯರೊಬ್ಬರು ಬಟಾಟೆ ವಡೆ ಮುರಿಯುತ್ತ, "ಮಾರಾಯ್ರೇ, ಮಕ್ಕಳ ಕಾರ್ಯಕ್ರಮ ಇದು. ನೀವು ಕೋರ್ಟು ಕೂರಿಸ್ಬೇಡಿ. ಈಗ ಎಲ್ಲಾ ಕಡೆ ಹೀಗೇ, ಟಿವಿಯಲ್ಲಿ ನೋಡುದಿಲ್ವಾ?" ಎಂದರು. ಮಾತು ಅಲ್ಲಿಗೆ ನಿಂತಿತು. ಆದರೆ ನಮ್ಮ ಮನಸ್ಸಿನಲ್ಲಿ ನಿಲ್ಲಲಿಲ್ಲವಾದ್ದರಿಂದ ಸಂಪಾದಕರ ಕೃಪೆಯಿಂದ ಇಲ್ಲಿ ಮುಂದುವರಿಸುತ್ತಿದ್ದೇವೆ.

ಟಿವಿಯಲ್ಲಿ ನಾವು ನೋಡುವುದು ಮಾತ್ರವಲ್ಲ, ಒಮ್ಮೆ ಟಿವಿಯೊಳಗೆ ಕುಳಿತು ಬಂದವರೂ ಹೌದು. ನಮ್ಮ ಗೋರೆಗಾಂವ್ ಪೂರ್ವದಲ್ಲಿ, ಆರೆ ಕಾಲೊನಿಗೆ ತಾಗಿ, ಮಹಾರಾಷ್ಟ್ರ ಸರ್ಕಾರ 1977ರಲ್ಲಿ ಸ್ಥಾಪಿಸಿದ ಚಿತ್ರನಗರಿ ಇದೆ. ಈಗ ಅದಕ್ಕೆ ದಾದಾಸಾಹೇಬ್ ಫಾಲ್ಕೆಯವರ ಹೆಸರು. ದೇಶವೆಲ್ಲ ನೋಡುವ ಎಷ್ಟೋ ಕಾರ್ಯಕ್ರಮಗಳು ಅಲ್ಲಿಯ ತಗಡಿನ ಛಾವಣಿಗಳ ಕೆಳಗೆ ತಯಾರಾಗುತ್ತವೆ. ನಮ್ಮ ವಠಾರದ ಯುವಕನೊಬ್ಬ ಪ್ರೇಕ್ಷಕರನ್ನು ಒದಗಿಸುವ ಕೆಲಸ ಮಾಡುತ್ತಿದ್ದ. ಅವನ ದಾಕ್ಷಿಣ್ಯಕ್ಕೆ ನಾವೂ ನಮ್ಮ ಮನೆಯವರೂ ಒಂದು ಹಾಡಿನ ಸ್ಪರ್ಧೆಯ ಚಿತ್ರೀಕರಣಕ್ಕೆ ಹೋದೆವು. ಯಾವ ವಾಹಿನಿ ಎಂದು ಕೇಳಬೇಡಿ.

ಬೆಳಿಗ್ಗೆ ಹತ್ತಕ್ಕೆ ಕೂರಿಸಿದರು. ಮಧ್ಯಾಹ್ನದವರೆಗೂ ಯಾರೂ ಹಾಡಲಿಲ್ಲ. ಕತ್ತಿನಲ್ಲಿ ಪಟ್ಟಿ ತೂಗಿಸಿಕೊಂಡ ತರುಣಿಯೊಬ್ಬಳು ಖಾಲಿ ವೇದಿಕೆಯ ಮುಂದೆ ನಿಂತು, ಈಗ ಚಪ್ಪಾಳೆ, ಈಗ ಎದ್ದು ನಿಂತು ಚಪ್ಪಾಳೆ, ಈಗ ಬೆರಗು, ಈಗ ಕಣ್ಣೀರು ಎಂದು ಆಜ್ಞೆ ಮಾಡಿದಳು. ಕ್ಯಾಮೆರಾ ನಮ್ಮ ಮುಖಗಳನ್ನು ಸಾಲಾಗಿ ಹಿಡಿಯಿತು. ಚಪ್ಪಾಳೆ ತಟ್ಟಿದೆವು, ಬೆರಗನ್ನೂ ತಕ್ಕಮಟ್ಟಿಗೆ ತೋರಿಸಿದೆವು, ಕಣ್ಣೀರು ಮಾತ್ರ ನಮ್ಮಿಂದಾಗಲಿಲ್ಲ. ಮೂರು ವಾರಗಳ ತರುವಾಯ ಪ್ರಸಾರವಾದಾಗ, ನಾವು ಎಂದೂ ಕೇಳಿರದ ಒಂದು ಹಾಡಿನ ನಡುವೆ ನಮ್ಮದೇ ಮುಖ ಬಾಯಿ ತೆರೆದುಕೊಂಡು ಬೆರಗಾಗಿ ಕುಳಿತಿತ್ತು. ಊರಿನಿಂದ ಫೋನು ಮಾಡಿದ ಅತ್ತೆಯವರು, "ಆ ಹುಡುಗಿ ಅಷ್ಟು ಚೆನ್ನಾಗಿ ಹಾಡಿದ್ಲಾ?" ಎಂದು ಕೇಳಿದರು. ಹೌದೆಂದೆವು. ಬೇರೇನು ಹೇಳುವುದು?

ಪ್ರೇಕ್ಷಕರ ಪಾಡು ಇದಾದರೆ ಅತಿಥಿಗಳದ್ದು ಬೇರೆಯೇನಲ್ಲ. ಇಂಡಿಯನ್ ಐಡಲ್‌ನ 12ನೆಯ ಆವೃತ್ತಿಯಲ್ಲಿ, 2021ರ ಮೇ ತಿಂಗಳಲ್ಲಿ, ಕಿಶೋರ್ ಕುಮಾರರ ಗೌರವಾರ್ಥ ಒಂದು ಕಂತು ಬಂತು. ಅತಿಥಿಯಾಗಿದ್ದ ಅವರ ಪುತ್ರ ಅಮಿತ್ ಕುಮಾರ್, ಎಲ್ಲರನ್ನೂ ಹೊಗಳಬೇಕೆಂದು ತಮಗೆ ಹೇಳಿದ್ದರು, ತಾವು ಹಾಗೆಯೇ ಹೊಗಳಿದೆವು ಎಂದು ಆಮೇಲೆ ಬಹಿರಂಗವಾಗಿ ನುಡಿದರು. ಅದೇ ಆವೃತ್ತಿಯಲ್ಲಿ ನಮ್ಮ ಮೂಡುಬಿದಿರೆಯ ನಿಹಾಲ್ ತಾವ್ರೊ ಅಂತಿಮ ಆರು ಮಂದಿಯಲ್ಲಿ ಒಬ್ಬನಾದ. ಆ ಹುಡುಗನ ಕಂಠದ ಬಗ್ಗೆ ನಮಗೆ ಎಳ್ಳಷ್ಟೂ ಸಂಶಯವಿಲ್ಲ. ನಮ್ಮ ನೋವು ಬೇರೆ. ಹೊಗಳಿಕೆ ಎಲ್ಲರಿಗೂ ಮೊದಲೇ ಬರೆದಿಟ್ಟಿದ್ದರೆ, ನಿಜವಾಗಿ ಹಾಡಿದವನಿಗೆ ಸಿಕ್ಕ ಹೊಗಳಿಕೆಯ ಬೆಲೆಯೇನು?

ಇಷ್ಟು ಹೇಳಿದೊಡನೆ ನಮ್ಮನ್ನು ರಂಗಾಲಂಕಾರದ ವೈರಿಗಳೆಂದು ಭಾವಿಸಬಾರದು. ಗುಬ್ಬಿ ವೀರಣ್ಣನವರ ಕಂಪನಿ ಕುರುಕ್ಷೇತ್ರ ನಾಟಕದಲ್ಲಿ ಜೀವಂತ ಆನೆ ಕುದುರೆಗಳನ್ನೇ ರಂಗಕ್ಕೆ ತಂದಿತು. ಅದನ್ನು ಕಂಡವರು ಸಾಯುವವರೆಗೂ ಹೇಳಿಕೊಂಡರು. ಆದರೆ ಆ ಕಂಪನಿಗಳ ಕಾಲದಲ್ಲಿ ನಟ ತನ್ನ ಪದವನ್ನು ತಾನೇ ಹಾಡಬೇಕಿತ್ತು, ಕೊನೆಯ ಸಾಲಿನ ನಾಲ್ಕಾಣೆಯ ಗಿರಾಕಿಗೂ ಅದು ಕೇಳಬೇಕಿತ್ತು. ಆನೆ ಬಂದಿತೆಂದು ಕಂಠಕ್ಕೆ ರಜೆ ಸಿಗುತ್ತಿರಲಿಲ್ಲ.

ಇಂದಿನ ಜಗತ್ತಿನ ಅತಿ ದೊಡ್ಡ ಹಾಡಿನ ಸ್ಪರ್ಧೆಯ ಕಡೆಗೂ ಸ್ವಲ್ಪ ನೋಡೋಣ. ಯೂರೋಪಿನ ದೇಶಗಳು 1956ರಿಂದ ಯೂರೋವಿಷನ್ ಎಂಬ ಸ್ಪರ್ಧೆ ನಡೆಸುತ್ತಿವೆ. ಕಣ್ಕಟ್ಟಿನಲ್ಲಿ ಅವರನ್ನು ಮೀರಿಸುವವರಿಲ್ಲ. ಒಂದು ದೇಶದ ಹಾಡು ಮುಗಿದು ಇನ್ನೊಂದರದು ಆರಂಭವಾಗುವ ಮೊದಲು ಮನೆಯಲ್ಲಿ ಕುಳಿತವರಿಗೆ ಒಂದು ಪುಟ್ಟ ಚಿತ್ರ ತೋರಿಸುತ್ತಾರೆ. ಒಂದು ನಿಮಿಷಕ್ಕೂ ಕಡಿಮೆಯಿರುವ ಆ ಅವಕಾಶದಲ್ಲಿ ಕೆಲಸಗಾರರು ಇಡೀ ವೇದಿಕೆಯನ್ನು ಬದಲಿಸಿಬಿಡುತ್ತಾರೆ. 2013ರಲ್ಲಿ ಅಜರ್‌ಬೈಜಾನಿನ ಗಾಯಕ ಫರೀದ್ ಮಮ್ಮದೊವ್ ಒಂದು ಗಾಜಿನ ಪೆಟ್ಟಿಗೆಯ ಮೇಲೆ ನಿಂತು ಹಾಡಿದ; ಪೆಟ್ಟಿಗೆಯೊಳಗಿದ್ದ ನರ್ತಕ ಅವನ ನೆರಳಿನಂತೆ ಪ್ರತಿ ಚಲನೆಯನ್ನೂ ಅನುಕರಿಸಿದ. 2015ರಲ್ಲಿ ಸ್ವೀಡನ್ನಿನ ಮೊನ್ಸ್ ಸೆಲ್ಮರ್ಲೋವ್ ಪರದೆಯ ಮೇಲಿನ ರೇಖಾಚಿತ್ರದ ಹುಡುಗನೊಡನೆ ಆಡಿದ. ಚಿತ್ರ ಮೊದಲೇ ಸಿದ್ಧವಾದದ್ದು, ಅದು ಯಾರಿಗೂ ಕಾಯುವುದಿಲ್ಲ. ಗಾಯಕ ಅರ್ಧ ಸೆಕೆಂಡು ತಡವಾದರೆ ಇಲ್ಲದ ಹುಡುಗನಿಗೆ ಕೈ ಚಾಚಿದಂತಾಗುತ್ತದೆ. ಅಷ್ಟನ್ನು ಲೆಕ್ಕಹಾಕಿ ಹೆಜ್ಜೆಯಿಡುತ್ತಲೇ ಅವನು ಹಾಡಿದ, ಗೆದ್ದ. 2019ರಲ್ಲಿ ಆಸ್ಟ್ರೇಲಿಯಾದ ಕೇಟ್ ಮಿಲ್ಲರ್-ಹೈಡ್ಕೆ ಎಂಬಾಕೆ ಬಾಗಿ ಬಳುಕುವ ಎತ್ತರದ ಕಂಬದ ತುದಿಯಲ್ಲಿ ತೂಗಾಡುತ್ತ ತಾರಸ್ಥಾಯಿಯಲ್ಲಿ ಹಾಡಿದಳು. ನಮಗೆ ಲೋಕಲ್ ಟ್ರೈನಿನಲ್ಲಿ ನಿಂತು ಮಾತನಾಡುವುದೇ ಕಷ್ಟ.

ಇದಿಷ್ಟನ್ನೂ ಹೊಗಳಲು ನಮಗೆ ಕಾರಣವಿದೆ. ಆ ಸ್ಪರ್ಧೆಯ ನಿಯಮಗಳು ಬರವಣಿಗೆಯಲ್ಲಿವೆ. ಹಾಡು ಮೂರು ನಿಮಿಷ ಮೀರಬಾರದು. ವೇದಿಕೆಯಲ್ಲಿ ಆರಕ್ಕಿಂತ ಹೆಚ್ಚು ಜನ ಇರಬಾರದು. ಮುಖ್ಯ ಧ್ವನಿ ಆ ಕ್ಷಣದಲ್ಲೇ ಆ ಗಂಟಲಿನಿಂದಲೇ ಬರಬೇಕು. ವಾದ್ಯವೃಂದವನ್ನು 1998ರ ನಂತರ ಕೈಬಿಟ್ಟು ಮುದ್ರಿತ ವಾದ್ಯಕ್ಕೆ ಹೋದರು, ಸರಿ. ಹಿಂದೆ ನಿಂತು ದನಿಗೂಡಿಸುವವರ ಧ್ವನಿಯೂ ಮುದ್ರಿತವಾಗಿರಬಹುದೆಂದು 2021ರಿಂದ ಅನುಮತಿ ಕೊಟ್ಟರು, ಅದೂ ಸರಿ. ಅದಕ್ಕೆ ಮೊದಲು ಸಹಗಾಯಕರನ್ನು ಕ್ಯಾಮೆರಾಗೆ ಕಾಣದ ಕತ್ತಲಲ್ಲಿ ನಿಲ್ಲಿಸುವ ಉಪಾಯವೂ ಇತ್ತು. ಆದರೆ ಗಮನಿಸಿ, ಕತ್ತಲಲ್ಲಿ ನಿಂತವರೂ ಆ ಆರರ ಲೆಕ್ಕಕ್ಕೆ ಸೇರುತ್ತಿದ್ದರು. ಬಚ್ಚಿಟ್ಟರೂ ಲೆಕ್ಕ ತಪ್ಪಿಸುವಂತಿಲ್ಲ. ಗುಮಾಸ್ತರಾದ ನಮಗೆ ಇದು ಬಹಳ ಹಿಡಿಸಿತು.

ಅಷ್ಟೆಲ್ಲ ಬೆಳಕು ಬೆಂಕಿಗಳ ಆ ಸ್ಪರ್ಧೆಯಲ್ಲಿ 2017ರಲ್ಲಿ ಗೆದ್ದವನು ಯಾರು? ಪೋರ್ಚುಗಲ್ಲಿನ ಸಾಲ್ವಡೊರ್ ಸೊಬ್ರಾಲ್. ಜನರ ನಡುವಿನ ಒಂದು ಸಣ್ಣ ಜಗಲಿಯಲ್ಲಿ ಒಬ್ಬನೇ ನಿಂತು, ತಂಗಿಯೋ ಅಕ್ಕನೋ ಆದ ಲೂಯಿಸಾ ಬರೆದ ಹಾಡನ್ನು ತನ್ನ ತಾಯ್ನುಡಿಯಲ್ಲೇ ಮೆಲುದನಿಯಲ್ಲಿ ಹಾಡಿದ. ನರ್ತಕರಿಲ್ಲ, ಪಟಾಕಿಯಿಲ್ಲ. 758 ಅಂಕ ಪಡೆದ. ಆ ದೇಶಕ್ಕೆ ಅದು ಮೊಟ್ಟಮೊದಲ ಗೆಲುವು. ಸಂಗೀತವೆಂದರೆ ಪಟಾಕಿಯಲ್ಲ, ಭಾವ ಎಂಬರ್ಥದ ಮಾತನ್ನು ಅವನು ಬಹುಮಾನ ಪಡೆಯುವಾಗ ಆಡಿದ. ಆ ಜಗಲಿಯೂ ಯಾರೋ ಯೋಚಿಸಿ ಮಾಡಿದ ರಂಗತಂತ್ರವೇ ಇರಬೇಕು, ಇರಲಿ. ಧ್ವನಿ ಅವನದಾಗಿತ್ತು.

ಇನ್ನು ಧ್ವನಿಯನ್ನೇ ರಿಪೇರಿ ಮಾಡುವ ವಿದ್ಯೆಗೆ ಬರೋಣ. ಬಿ.ಎಸ್ಸಿ.ಯಲ್ಲಿ ಓದಿದ ಭೌತಶಾಸ್ತ್ರವೆಲ್ಲ ಕಡತಗಳ ಧೂಳಿನಲ್ಲಿ ಹೂತುಹೋಗಿದ್ದರೂ ಇಷ್ಟು ನೆನಪಿದೆ: ಸ್ವರವೆಂದರೆ ಕಂಪನ. ಸೆಕೆಂಡಿಗೆ 240 ಸಲ ಕಂಪಿಸಬೇಕಾದ ಷಡ್ಜ 234 ಸಲ ಕಂಪಿಸಿದರೆ ಕಿವಿಗೆ ಇಳಿದಂತೆ ಕೇಳುತ್ತದೆ. ಆಂಡಿ ಹಿಲ್ಡೆಬ್ರಾಂಡ್ ಎಂಬ ಅಮೆರಿಕನ್ ಇಂಜಿನಿಯರು ಮೊದಲು ಭೂಮಿಯೊಳಗಿನ ಎಣ್ಣೆಯನ್ನು ಹುಡುಕಲು ನೆಲದಿಂದ ಪ್ರತಿಫಲಿಸುವ ತರಂಗಗಳನ್ನು ಲೆಕ್ಕಹಾಕುತ್ತಿದ್ದವರು. ಅದೇ ಬಗೆಯ ಗಣಿತವನ್ನು ಕಂಠಕ್ಕೆ ಅನ್ವಯಿಸಿ 1997ರಲ್ಲಿ ಆಟೋ-ಟ್ಯೂನ್ ಎಂಬ ಸಾಧನವನ್ನು ತಂದರು. ಧ್ವನಿತರಂಗ ಎಷ್ಟು ಹೊತ್ತಿಗೊಮ್ಮೆ ತನ್ನನ್ನೇ ಪುನರಾವರ್ತಿಸುತ್ತದೆಂದು ಅದು ಅಳೆದು, ಹತ್ತಿರದ ಸ್ವರ ಯಾವುದೆಂದು ನೋಡಿ, ಅಲ್ಲಿಗೆ ಎಳೆದು ಕೂರಿಸುತ್ತದೆ. ಮುದ್ರಣದ ಮೇಲೆ ಮಾತ್ರವಲ್ಲ, ಹಾಡುತ್ತಿರುವಾಗಲೇ ಇದನ್ನು ಮಾಡಬಹುದು. 2010ರಲ್ಲಿ ಇಂಗ್ಲೆಂಡಿನ ಎಕ್ಸ್ ಫ್ಯಾಕ್ಟರ್ ಸ್ಪರ್ಧೆಯಲ್ಲಿ ಇದು ಬಳಕೆಯಾಗಿದೆಯೆಂದು ವೀಕ್ಷಕರೇ ಗಲಾಟೆ ಮಾಡಿದರು. ಪ್ರಸಾರಕ್ಕೆ ಮೊದಲು ಧ್ವನಿಯ ಮೇಲೆ ಕೆಲಸ ನಡೆಯುತ್ತದೆಂದು ಕಾರ್ಯಕ್ರಮದವರು ಒಪ್ಪಿಕೊಂಡರು.

ಈ ಯಂತ್ರಕ್ಕೆ ಸ್ವರ ಗೊತ್ತು, ಸ್ವರದಿಂದ ಸ್ವರಕ್ಕೆ ಹೋಗುವ ದಾರಿ ಗೊತ್ತಿಲ್ಲ. ನಮ್ಮ ಗಮಕ, ಮೀಂಡುಗಳೆಲ್ಲ ಇರುವುದು ಆ ದಾರಿಯಲ್ಲೇ. ಬಿಗಿಯಾಗಿ ಹಾಕಿದರೆ ಇಳಿಜಾರನ್ನೆಲ್ಲ ಅದು ಮೆಟ್ಟಿಲು ಮಾಡಿಬಿಡುತ್ತದೆ.

ಇಲ್ಲಿ ನಮ್ಮದೊಂದು ತಪ್ಪೊಪ್ಪಿಗೆ. ಎರಡು ವರ್ಷಗಳ ಹಿಂದೆ ನಾವೇ ನಮ್ಮ ಮಗಳನ್ನು ಒಂದು ಮುದ್ರಣಾಲಯಕ್ಕೆ ಕರೆದೊಯ್ದು, ಮೂರು ಸಾವಿರ ರೂಪಾಯಿ ತೆತ್ತು, ಸ್ಪರ್ಧೆಯ ಹಾಡನ್ನು ಮುದ್ರಿಸಿ, "ಸ್ವಲ್ಪ ಸರಿಮಾಡಿ" ಎಂದು ಹೇಳಿ ಪೆನ್ ಡ್ರೈವಿನಲ್ಲಿ ತಂದೆವು. ಮನೆಯಲ್ಲಿ ಹಾಕಿ ಕೇಳಿಸಿದಾಗ ಅವಳು ಸುಮ್ಮನೆ ಕೇಳಿ, "ಅಪ್ಪಾ, ಇದು ನಾನಲ್ಲ ಅಲ್ವಾ?" ಎಂದಳು. ನಾವು ನಕ್ಕು ಮಾತು ಹಾರಿಸಿದೆವು. ದ್ವಿತೀಯ ಬಹುಮಾನ ಬಂತು. ಬಟ್ಟಲು ಫ್ರಿಜ್ಜಿನ ಮೇಲಿದೆ. ಮನೆಗೆ ಬಂದವರಿಗೆ ಅವಳು ಇದುವರೆಗೆ ಅದನ್ನು ತೋರಿಸಿದ್ದನ್ನು ನಾವು ಕಂಡಿಲ್ಲ. ಆದ್ದರಿಂದ ದಂಡೆ ಸರಿಪಡಿಸಿಕೊಂಡ ಆ ಬಾಲಿಕೆಯನ್ನಾಗಲಿ ಅವಳ ತಂದೆತಾಯಿಯರನ್ನಾಗಲಿ ದೂರುವ ಅಧಿಕಾರ ನಮಗಿಲ್ಲ, ದೂರುತ್ತಲೂ ಇಲ್ಲ.

ಮಕ್ಕಳ ವಿಷಯದಲ್ಲಿ ಈ ಕಣ್ಕಟ್ಟು ಎಲ್ಲಿಗೆ ಮುಟ್ಟಬಲ್ಲುದೆಂಬುದಕ್ಕೆ 2008ರ ಬೀಜಿಂಗ್ ಒಲಿಂಪಿಕ್ಸಿನ ಉದ್ಘಾಟನೆ ಸಾಕ್ಷಿ. ಕೆಂಪು ಅಂಗಿ ತೊಟ್ಟ ಒಂಬತ್ತು ವರ್ಷದ ಚೆಲುವೆ ಬಾಲಿಕೆ ಹಾಡಿದಂತೆ ಜಗತ್ತು ಕಂಡಿತು. ಕೆಲವೇ ದಿನಗಳಲ್ಲಿ ಸಂಗೀತ ನಿರ್ದೇಶಕರೇ ಬಾಯಿಬಿಟ್ಟರು: ಹಾಡಿದ್ದು ಏಳು ವರ್ಷದ ಬೇರೊಂದು ಮಗು, ಅದರ ರೂಪ ವೇದಿಕೆಗೆ ಒಪ್ಪುವುದಿಲ್ಲವೆಂದು ಹಿಂದೆ ಉಳಿಸಿದ್ದರು. ಒಂದು ಮಗುವಿನ ಮುಖ, ಇನ್ನೊಂದರ ದನಿ. ಎರಡು ಮಕ್ಕಳಿಗೂ ಒಂದೇ ಏಟಿನಲ್ಲಿ ಅವಮಾನ. ದೊಡ್ಡವರಾದರೆ ಹೋಗಲಿ: ಮಿಲಿ ವನಿಲಿ ಎಂಬ ಇಬ್ಬರು ಹಾಡುಗಾರರಿಗೆ ಕೊಟ್ಟ ಗ್ರ್ಯಾಮಿ ಪ್ರಶಸ್ತಿಯನ್ನು, ದನಿ ಅವರದಲ್ಲವೆಂದು ತಿಳಿದಾಗ, 1990ರಲ್ಲಿ ಹಿಂದಕ್ಕೆ ಪಡೆದರು. ನಾವು ಬಟ್ಟಲು ಹಿಂದಕ್ಕೆ ಪಡೆಯುವವರಲ್ಲ, ಮುಂದಿನ ವರ್ಷ ಇನ್ನೊಂದನ್ನು ಕೊಡುವವರು.

"ಸಿನಿಮಾದಲ್ಲಿ ಹಿನ್ನೆಲೆ ಗಾಯನವಿಲ್ಲವೇ? ರಾಜಕುಮಾರರ ತುಟಿಗೆ ಪಿ. ಬಿ. ಶ್ರೀನಿವಾಸರ ದನಿಯಿರಲಿಲ್ಲವೇ?" ಎಂದು ಕೇಳುವವರಿದ್ದಾರೆ. ಇತ್ತು, ಆದರೆ ಶ್ರೀನಿವಾಸರ ಹೆಸರು ತೆರೆಯ ಮೇಲೂ ಬರುತ್ತಿತ್ತು, ಮನೆಮನೆಯಲ್ಲೂ ಇತ್ತು. ಯಕ್ಷಗಾನವನ್ನೇ ನೋಡಿ. ವೇಷಧಾರಿ ಕುಣಿಯುತ್ತಾನೆ, ಹಾಡುವವರು ಭಾಗವತರು. ಅವರನ್ನು ಯಾರೂ ಪರದೆಯ ಹಿಂದೆ ಅಡಗಿಸಲಿಲ್ಲ. ಜಾಗಟೆ ಹಿಡಿದು, ಪೇಟ ಸುತ್ತಿ, ರಂಗದ ಮೇಲೇ ಕುಳಿತಿರುತ್ತಾರೆ. ಕರ್ಕಿ ಮೇಳದ ಇಂಥದೇ ಆಟ ಸಾಂಗ್ಲಿಯಲ್ಲಿ ನಡೆದು, ಅದರ ಪ್ರೇರಣೆಯಿಂದಲೇ ವಿಷ್ಣುದಾಸ ಭಾವೆಯವರು 1843ರಲ್ಲಿ ಸೀತಾ ಸ್ವಯಂವರ ಆಡಿಸಿದರೆಂದು ನಮ್ಮ ಮರಾಠಿ ಮಿತ್ರರೂ ಒಪ್ಪುತ್ತಾರೆ. ಹಾಡುವವನನ್ನು ಕಣ್ಣೆದುರು ಕೂರಿಸಿದ ರಂಗಕ್ರಮವನ್ನು ಈ ಮಹಾರಾಷ್ಟ್ರಕ್ಕೆ ತಂದು ತೋರಿಸಿದವರು ನಾವು.

ದೊಡ್ಡ ಪ್ರಮಾಣದ ವೇದಿಕೆಯೂ ನಮಗೆ ಹೊಸದಲ್ಲ. ಐಟಿಐ ಕಾರ್ಖಾನೆಯಲ್ಲಿ 27 ವರ್ಷ ನೌಕರಿ ಮಾಡಿದ ಸಿ. ಅಶ್ವತ್ಥರು 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ 'ಕನ್ನಡವೇ ಸತ್ಯ' ನಡೆಸಿದಾಗ ಜನಸಾಗರವೇ ಸೇರಿತು. ದೀಪಾಲಂಕಾರಕ್ಕೇನೂ ಕೊರತೆಯಿರಲಿಲ್ಲ. ಆದರೆ ಜನ ಬಂದದ್ದು ಆ ಎದೆಯೊಡೆಯುವ ಕಂಠಕ್ಕೆ. ಹಾಗೆಯೇ ಇ-ಟಿವಿ ಕನ್ನಡದ 'ಎದೆ ತುಂಬಿ ಹಾಡುವೆನು' ಕಾರ್ಯಕ್ರಮದಲ್ಲಿ ಎಸ್. ಪಿ. ಬಾಲಸುಬ್ರಹ್ಮಣ್ಯಂ ಅವರು ಮಕ್ಕಳು ತಪ್ಪಿದ ಕಡೆ ನಿಲ್ಲಿಸಿ, ತಾವೇ ಹಾಡಿ ತೋರಿಸುತ್ತಿದ್ದರು. ತಪ್ಪಲು ಅವಕಾಶವಿದ್ದುದರಿಂದಲ್ಲವೇ ತಿದ್ದಲೂ ಸಾಧ್ಯವಾದದ್ದು?

ನಮ್ಮ ಮಕ್ಕಳಿಗೆ ಈ ಮಾತು ಬೆಂಗಳೂರಿನ ಮಕ್ಕಳಿಗಿಂತ ಹತ್ತು ಪಾಲು ಹೆಚ್ಚು ಅನ್ವಯಿಸುತ್ತದೆ. ಇಲ್ಲಿಯ ಹಿರಿಯರು ಹಗಲು ಹೋಟೆಲುಗಳಲ್ಲಿ ದುಡಿದು ರಾತ್ರಿಶಾಲೆಗಳಲ್ಲಿ ಕನ್ನಡ ಕಲಿತರು. ನಮ್ಮ ಮಕ್ಕಳು ಇಂಗ್ಲಿಷು ಶಾಲೆಗೆ ಹೋಗುತ್ತಾರೆ, ಬೀದಿಯಲ್ಲಿ ಹಿಂದಿ, ಅಂಗಡಿಯಲ್ಲಿ ಮರಾಠಿ, ಮನೆಯಲ್ಲಿ ಕೆಲವರಿಗೆ ತುಳು, ಕೆಲವರಿಗೆ ಕೊಂಕಣಿ. ಅನೇಕರಿಗೆ ಕನ್ನಡ ಅಕ್ಷರ ಬಾರದು. ಹಾಡನ್ನು ನಾಗರಿಯಲ್ಲೋ ಇಂಗ್ಲಿಷಿನಲ್ಲೋ ಬರೆದುಕೊಂಡು ಕಲಿಯುತ್ತಾರೆ. ಅಂಥ ಮಗು ವರ್ಷಕ್ಕೊಮ್ಮೆ ಹದಿನಾರು ಸಾಲು ಕನ್ನಡವನ್ನು ಬಾಯಿಪಾಠ ಮಾಡಿ, 'ಳ'ಕಾರ 'ಲ'ಕಾರಗಳಲ್ಲಿ ಎಡವಿ, ಅಜ್ಜಿಯಿಂದ ಗದರಿಸಿಕೊಂಡು, ಕೊನೆಗೆ ನೂರು ಜನರೆದುರು ಉಚ್ಚರಿಸುತ್ತದಲ್ಲ, ನಮ್ಮ ಎಷ್ಟೋ ಮನೆಗಳಲ್ಲಿ ಉಳಿದಿರುವ ಕನ್ನಡ ಪಾಠ ಅದೊಂದೇ. ಮುದ್ರಿತ ದನಿ ಅದನ್ನೂ ಕಸಿದುಕೊಳ್ಳುತ್ತದೆ. ತುಟಿ ಆಡಿಸಲು ಕನ್ನಡ ಬೇಕಾಗಿಲ್ಲ.

ಆ ದಿನದ ಅಂಕಪಟ್ಟಿಯನ್ನು ನಾವು ಕೇಳಿ ನೋಡಿದೆವು. ಸ್ವರ 30, ತಾಳ 20, ಉಚ್ಚಾರಣೆ 10, ವೇಷ ಮತ್ತು ಪ್ರಸ್ತುತಿ 40. ಹೊಗೆಯ ಯಂತ್ರಕ್ಕೆ ನಲವತ್ತು, ಕನ್ನಡಕ್ಕೆ ಹತ್ತು! ತೀರ್ಪುಗಾರರು ತಪ್ಪು ಮಾಡಲಿಲ್ಲ, ಪಟ್ಟಿ ಹೇಳಿದಂತೆ ಕೂಡಿ ಕಳೆದರು. ನಮ್ಮ ಕಚೇರಿಯಲ್ಲಿ ಒಬ್ಬರ ಹಾಜರಿ ಇನ್ನೊಬ್ಬರು ಹಾಕಬಾರದೆಂದು ಹೆಬ್ಬೆರಳು ಒತ್ತಿಸುವ ಯಂತ್ರ ಇಟ್ಟಿದ್ದಾರೆ. ಹಾಡಿನ ಸ್ಪರ್ಧೆಯಲ್ಲಿ ಕಂಠದ ಹಾಜರಿಯನ್ನು ಕೇಳುವವರೇ ಇಲ್ಲ.

ವಾದ್ಯದವರನ್ನು ಕರೆಸಲು ಹಣ ಬೇಕು, ಟ್ರ್ಯಾಕು ಪುಕ್ಕಟೆ ಸಿಗುತ್ತದೆ ಎಂಬ ಕಷ್ಟ ನಿಜವಾದದ್ದು, ಅದನ್ನು ನಾವು ತಳ್ಳಿಹಾಕುವುದಿಲ್ಲ. ಆದ್ದರಿಂದ ದನಿಯಿಲ್ಲದ ವಾದ್ಯದ ಟ್ರ್ಯಾಕನ್ನು ಬೇಕಾದವರು ಬಳಸಲಿ. ಹೊಗೆ ಬೇಕಾದವರು ಹೊಗೆಯನ್ನೂ ಹಾಕಲಿ, ಕೆಮ್ಮು ಬಾರದಿದ್ದರೆ ಸಾಕು. ನಾವು ಕೇಳುವುದಿಷ್ಟೇ: ದನಿ ಇರುವ ಟ್ರ್ಯಾಕು ಕೂಡದೆಂದು ಪ್ರವೇಶಪತ್ರದಲ್ಲೇ ಅಚ್ಚು ಹಾಕಿಸಿ. ಧ್ವನಿ ತಿದ್ದುವ ಯಂತ್ರವೂ ಕೂಡದೆಂದು ಬರೆಯಿರಿ. ಸ್ಪರ್ಧೆಗೆ ಅರ್ಧ ಗಂಟೆ ಮೊದಲು ಎಲ್ಲ ಪೆನ್ ಡ್ರೈವುಗಳನ್ನೂ ಸೌಂಡಿನವರ ಬಳಿ ಹಾಕಿಸಿ ಕೇಳಿ. ಉಚ್ಚಾರಣೆಗೆ 30 ಅಂಕ ಕೊಡಿ, ವೇಷಭೂಷಣಕ್ಕೆ ಬೇಕಿದ್ದರೆ ಬೇರೆಯೇ ಒಂದು ಬಹುಮಾನ ಇಡಿ. ಸಾಲು ಮರೆತ ಮಗುವಿಗೆ ಇನ್ನೊಮ್ಮೆ ಆರಂಭಿಸಲು ಅವಕಾಶವಿರಲಿ.

ಈ ಮಾತುಗಳನ್ನೇ ಬರೆದು ನಮ್ಮ ಸಂಘದ ಕಾರ್ಯದರ್ಶಿಗಳಿಗೆ ಕೊಟ್ಟಿದ್ದೇವೆ. ಮುಂದಿನ ಕಾರ್ಯಕಾರಿ ಸಭೆಯಲ್ಲಿ ಇಡುವುದಾಗಿ ಹೇಳಿದ್ದಾರೆ. ಅವರ ಕೋಣೆಯ ಕಪಾಟಿನ ಮೇಲೆ ಸಂಘದ ಹಳೆಯ ಹಾರ್ಮೋನಿಯಂ ಹಳದಿ ಬಟ್ಟೆ ಹೊದ್ದು ಕುಳಿತಿರುವುದನ್ನು ಸದಸ್ಯರು ನೋಡಿರಬಹುದು. ಕೆಳಗಿಳಿಸಿ ನೋಡಿದೆವು. ತಿದಿ ಹರಿದಿದೆ, ಮೂರು ಮನೆ ದನಿ ಕೊಡುವುದಿಲ್ಲ, ಉಳಿದದ್ದೆಲ್ಲ ಗಟ್ಟಿಯಾಗಿದೆ. ದಾದರಿನ ರಿಪೇರಿಯವರು ನಾಲ್ಕೂವರೆ ಸಾವಿರವಾಗುತ್ತದೆಂದರು. ನಮ್ಮ ಪಾಲಿನ ಒಂದು ಸಾವಿರವನ್ನು ಕೋಶಾಧಿಕಾರಿಗಳಿಗೆ ಸಲ್ಲಿಸಿದ್ದೇವೆ. ರಸೀದಿ ಪುಸ್ತಕ ಅವರಲ್ಲೇ ಇದೆ.